ಹಿಂಬಾಗಿಲ ತಕ್ಕಡಿ

"ಮುಚ್ಚಳ ತೆಗಿ," ಎಂದ ಗೇಟಿನವನು.

ಪಾತ್ರೆ ತೊಳೆಯುವ ಚಿಕ್ಕಮ್ಮ ಬಕೆಟ್ಟನ್ನು ಕೆಳಗಿಡಲಿಲ್ಲ. ಸೊಂಟಕ್ಕೆ ಇನ್ನಷ್ಟು ಒತ್ತಿ ಹಿಡಿದು, ಅವನನ್ನು ಬಿಟ್ಟು ಅವನ ಪಕ್ಕದಲ್ಲಿ ನಿಂತ ಹುಡುಗಿಯ ಮುಖ ನೋಡಿದಳು. ಹಾಸ್ಟೆಲಿನ ಅಡುಗೆಮನೆಯ ಹಿಂಬಾಗಿಲ ಹೊರಗೆ, ಚರಂಡಿಗೆ ಮುಚ್ಚಿದ ಚಪ್ಪಡಿಯ ಮೇಲೆ ತೂಕದ ಯಂತ್ರವಿತ್ತು. ಅದರ ಪಕ್ಕದಲ್ಲಿ ಹೊಸ ನೀಲಿ ಡ್ರಮ್ಮು. ಹುಡುಗಿಯ ಕೈಯಲ್ಲಿ ಪ್ಯಾಡು, ಕಿವಿಯ ಹಿಂದೆ ಪೆನ್ನು. ಕಾಮರ್ಸ್ ಕೊನೆಯ ವರ್ಷದವಳು. ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕದ, ಪ್ರಾಜೆಕ್ಟಿಗೆಂದು ಅಡುಗೆಮನೆಯ ಪಾತ್ರೆಗಳನ್ನು ಒಂದೊಂದಾಗಿ ಹೊತ್ತು ತಂದು ತೂಗಲು ಶುರುಮಾಡಿದ ದಿನವೇ ಹಾಸ್ಟೆಲು ಅವಳಿಗೆ ತಕ್ಕಡಿ ಎಂದು ಹೆಸರಿಟ್ಟು, ಅವಳ ನಿಜವಾದ ಹೆಸರನ್ನು ಮರೆತುಬಿಟ್ಟಿತ್ತು.

"ಇವನನ್ನೇನು ಕೇಳೋದು, ಬಾಗಿಲು ಕಾಯೋನು. ನೀನು ಹೇಳು ತಕ್ಕಡಿ. ತೆಗೀಲಾ ಮುಚ್ಚಳ?"

"ವಾರ್ಡನ್ ಮೇಡಂ ಆರ್ಡರು ಚಿಕ್ಕಮ್ಮ. ಇವತ್ತಿಂದ ಉಳಿದದ್ದೆಲ್ಲ ಡ್ರಮ್ಮಿಗೇ ಹಾಕಬೇಕಂತೆ. ನಾನು ಬರೀ ತೂಗೋದು."

"ಹೌದಾ? ಹಾಗಾದ್ರೆ ಮೊದಲು ನನ್ನನ್ನೇ ತೂಗು. ಬೆಳಿಗ್ಗೆ ಬರುವಾಗ ಎಷ್ಟಿದ್ದೆ, ಈಗ ಹೋಗುವಾಗ ಎಷ್ಟಿದೀನಿ, ಎರಡೂ ಬರ್ಕೋ. ನಿಮ್ಮ ಹಾಸ್ಟೆಲ್ ಗಾಳಿ ಕುಡಿದು ದಪ್ಪ ಆಗಿದ್ರೆ ಅದನ್ನೂ ಸಂಬಳದಲ್ಲಿ ಮುರ್ಕೊಳ್ಳಲಿ."

ಅವಳ ಹಿಂದೆ ನಿಂತಿದ್ದ ಇನ್ನೊಬ್ಬ ಪಾತ್ರೆ ತೊಳೆಯುವವಳು ಕಿಸಕ್ಕನೆ ನಕ್ಕು, ನಗು ತಪ್ಪೆಂದು ಹೊಳೆದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳನ್ನು ಎಲ್ಲರೂ ಸಣ್ಣಕ್ಕ ಎನ್ನುತ್ತಿದ್ದರು. ಚಿಕ್ಕಮ್ಮನೇ ಮುಚ್ಚಳ ಕಿತ್ತಳು. ಮಧ್ಯಾಹ್ನದ ಅನ್ನ ಬಕೆಟ್ಟಿನ ಆಕಾರದಲ್ಲೇ ಒಂದು ಮುದ್ದೆಯಾಗಿ ಡ್ರಮ್ಮಿನ ತಳಕ್ಕೆ ಬಿತ್ತು. ಅದರ ಮೇಲೆ ಬೇಯಿಸಿದ ಬೇಳೆ ಬಿತ್ತು. ಎಲ್ಲ ಪಾತ್ರೆಯ ತಳದಲ್ಲಿ ಉಳಿದಿದ್ದು, ಯಾರ ಎಂಜಲೂ ಅಲ್ಲ. ಇನ್ನೂ ಬೆಚ್ಚಗಿತ್ತು. ಹುಡುಗಿ ಡ್ರಮ್ಮನ್ನು ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ ಬರೆದುಕೊಂಡಳು. ಅಂಕಿ ದುಂಡಗೆ, ಅಚ್ಚುಕಟ್ಟಾಗಿ ಬಂತು. ಅದು ಅವಳಿಗೆ ಆಮೇಲೆ ಬಹಳ ದಿನ ನೆನಪಿತ್ತು.

ಚಿಕ್ಕಮ್ಮ ಖಾಲಿ ಬಕೆಟ್ಟಿಗೆ ಮತ್ತೆ ಮುಚ್ಚಳ ಹಾಕಿ ಹೊರಟಳು. ಅದು ಆ ಬಕೆಟ್ಟಿನ ಮುಚ್ಚಳವಲ್ಲ, ಯಾವುದೋ ಹಳೆ ಪಾತ್ರೆಯದು. ಹೆಜ್ಜೆ ಹೆಜ್ಜೆಗೂ ಬಡಿದುಕೊಳ್ಳುತ್ತಿತ್ತು. ವಾರ್ಡನ್ ಕಚೇರಿಯ ಕಿಟಕಿ ದಾಟಿ ಗೇಟಿನವರೆಗೆ ಆ ಸದ್ದು ಹೋದರೆ ಸಂಜೆಯ ಓದಿಗೆ ಕೂರುವ ಹೊತ್ತಾಯಿತೆಂದು ಮಹಡಿಯ ಮೇಲಿನ ಹುಡುಗಿಯರು ತಿಳಿಯುತ್ತಿದ್ದರು. ಅವತ್ತು ಬಕೆಟ್ಟು ಖಾಲಿಯಿದ್ದದ್ದರಿಂದ ಸದ್ದು ಜೋರಾಗಿತ್ತು.

ಇದೆಲ್ಲ ಶುರುವಾದದ್ದು ಕ್ಲಾಸಿನಲ್ಲಿ, ಸಂತೋಷದಿಂದ.

ಕಾಸ್ಟಿಂಗ್ ಮೇಷ್ಟ್ರು ಕೆಟ್ಟವರಲ್ಲ. ಮಿಕ್ಕವರು ನೋಟ್ಸ್ ಓದಿ ಹೇಳಿ ಎದ್ದು ಹೋಗುವಾಗ ಅವರೊಬ್ಬರು ತೋಳೆಲ್ಲ ಚಾಕ್‌ಪುಡಿ ಮಾಡಿಕೊಂಡು ಪಾಠ ಮಾಡುತ್ತಿದ್ದರು. "ಲೆಕ್ಕದ ಪುಸ್ತಕದಲ್ಲಿ ಖಾನೆ ಇಲ್ಲದ ವಸ್ತು ಜಗತ್ತಿನಲ್ಲಿ ಯಾವುದೂ ಇಲ್ಲ. ಹುಡುಕಿಲ್ಲ, ಅಷ್ಟೆ," ಎನ್ನುತ್ತಿದ್ದರು. ಕೈಗೆ ಸಿಕ್ಕಿದ್ದನ್ನೆಲ್ಲ ಲೆಕ್ಕಕ್ಕೆ ಎಳೆಯುತ್ತಿದ್ದರು. ಕುರ್ಚಿ ಕಂಡರೆ ಮರದ ಖರ್ಚು, ಬಡಗಿಯ ಕೂಲಿ, ಅಂಗಡಿಯ ಬಾಡಿಗೆಯಲ್ಲಿ ಅದರ ಪಾಲು. ಹುಡುಗಿಗೆ ಎರಡು ವರ್ಷ ಇದೊಂದೂ ತಲೆಗೆ ಹೋಗಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಹೊಸ ಪದ ಬಂದಾಗಲೆಲ್ಲ ಕಾಗುಣಿತ ತಪ್ಪದ ಹಾಗೆ ಬರೆದುಕೊಳ್ಳುತ್ತಿದ್ದಳು.

ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಉಪ ಉತ್ಪನ್ನ ಎಂದು ಬರೆದರು. "ಒಂದು ಸರಕು ಮಾಡೋಕೆ ಹೋಗ್ತೀವಿ. ಅದರ ಜೊತೆಗೆ, ನಾವು ಕೇಳದೇನೆ, ಇನ್ನೊಂದು ಹುಟ್ಕೊಳ್ಳುತ್ತೆ. ಬೆಲೆ ಕಡಿಮೆ, ಆದ್ರೆ ಬೆಲೆ ಇದೆ. ಮರ ಕುಯ್ದರೆ ಹೊಟ್ಟು. ಅಂಗಿ ಹೊಲಿದರೆ?"

"ಕತ್ತರಿಸಿ ಉಳಿದ ಬಟ್ಟೆ ಸರ್."

ಉತ್ತರ ಹೇಳಿದ್ದು ತಾನೇ ಎಂದು ಅವಳಿಗೆ ತಿಳಿದದ್ದು ಎಲ್ಲರೂ ತಿರುಗಿ ನೋಡಿದ ಮೇಲೆ. ಅವಳ ಅಮ್ಮ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಮೇಜಿನ ಕೆಳಗೆ ಬಿದ್ದ ಚೂರುಗಳನ್ನು ಸಂಜೆ ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದಳು. ಅವರ ಮನೆಯ ದಿಂಬು ಅದರದ್ದು, ಹೊದಿಕೆ ಅದರದ್ದು, ಅವಳ ಶಾಲೆಯ ಚೀಲ, ಒಳಲಂಗ, ಬಾಗಿಲ ಪರದೆ ಎಲ್ಲ ಅದರದ್ದೇ. ಇಷ್ಟು ದಿನ ಅದಕ್ಕೆ ಮನೆಯಲ್ಲಿ ಚಿಂದಿ ಎಂದಷ್ಟೇ ಹೆಸರಿತ್ತು. ಈಗ ಪುಸ್ತಕದಲ್ಲಿ, ಅಚ್ಚಿನಲ್ಲಿ, ಅದಕ್ಕೊಂದು ಗೌರವದ ಹೆಸರು ಸಿಕ್ಕಿತ್ತು. "ಭೇಷ್!" ಎಂದರು ಮೇಷ್ಟ್ರು. ಅವತ್ತಿನಿಂದ ಅವಳು ಮುಂದಿನ ಬೆಂಚಿಗೆ ಬಂದಳು.

ಪ್ರಾಜೆಕ್ಟಿಗೆ ಪ್ರತಿಯೊಬ್ಬರೂ ನಡೆಯುತ್ತಿರುವ ಒಂದು ಜಾಗವನ್ನು ಹಿಡಿದು ಅದಕ್ಕೆ ವೆಚ್ಚದ ಲೆಕ್ಕದ ವ್ಯವಸ್ಥೆ ಕಟ್ಟಬೇಕಿತ್ತು. ಮಿಕ್ಕವರು ಬೇಕರಿ, ಮುದ್ರಣಾಲಯ ಎಂದು ಹೆಸರು ಕೊಟ್ಟು ಹಿಂದಿನ ವರ್ಷದವರ ವರದಿ ಇಳಿಸಿದರು. ಇವಳು ಹಾಸ್ಟೆಲಿನ ಅಡುಗೆಮನೆ ಹಿಡಿದಳು. ಮನೆಯ ಚಪ್ಪಲಿಯಲ್ಲೇ ಇಳಿದು ಹೋಗಬಹುದಲ್ಲ. ಅಕ್ಕಿ ತೂಗಿದಳು, ಸಿಪ್ಪೆ ತೂಗಿದಳು, ಗ್ಯಾಸ್ ಸಿಲಿಂಡರನ್ನು ತುಂಬಿದಾಗೊಮ್ಮೆ ಖಾಲಿಯಾದಾಗೊಮ್ಮೆ ತೂಗಿದಳು. ಯಂತ್ರದ ಹಿಡಿಗೆ ಅಮ್ಮ ತಂದಿದ್ದ ಪಟ್ಟೆಬಟ್ಟೆಯ ಚೂರೊಂದನ್ನು ಗಂಟು ಹಾಕಿಕೊಂಡು, ಒಂದು ತೂಕಕ್ಕೂ ಇನ್ನೊಂದಕ್ಕೂ ನಡುವೆ ತಟ್ಟೆ ಒರೆಸುತ್ತಿದ್ದಳು. ಒದ್ದೆಯ ತೂಕ ಅಕ್ಕಿಗೆ ಸೇರಬಾರದು. ಮೇಷ್ಟ್ರು ಅವಳ ಪಟ್ಟಿಗಳನ್ನು ತಾವೇ ಕೂಡಿ ಕಳೆದು ನೋಡಿ, "ನಿನ್ನ ಅಂಕಿಯಲ್ಲಿ ತಪ್ಪು ಹುಡುಕೋಕೆ ಆಗಲ್ಲಮ್ಮ," ಎಂದಿದ್ದರು. ಅಂಥ ಮಾತನ್ನು ಅವಳಿಗೆ ಯಾರೂ, ಯಾವ ವಿಷಯಕ್ಕೂ, ಹೇಳಿರಲಿಲ್ಲ.

ಕೊನೆಯಲ್ಲಿ ಒಂದು ಖಾನೆ ಖಾಲಿ ಉಳಿಯಿತು. ಉಪ ಉತ್ಪನ್ನ. ಪಾತ್ರೆಗಳ ತಳದಲ್ಲಿ ದಿನವೂ ಉಳಿಯುವ ಅನ್ನ, ಬೇಳೆ, ಪಲ್ಯ. ಅವಳು ಅದನ್ನೂ ತೂಗಿದಳು. ಊರಾಚೆ ಹಂದಿ ಸಾಕುವವನೊಬ್ಬನಿಗೆ ಫೋನು ಮಾಡಿ, ಏನು ದರಕ್ಕೆ ಕೊಳ್ಳುತ್ತೀ ಎಂದು ಕೇಳಿದಳು. ಅವನು ಹೇಳಿದ. ಅವಳು ಬರೆದಳು: 'ಸದ್ಯ ಇದನ್ನು ಸಿಬ್ಬಂದಿ ಒಯ್ಯುತ್ತಾರೆ. ಲೆಕ್ಕಕ್ಕೆ ಬರುತ್ತಿಲ್ಲ.' ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಳು. ಬರೆಯುವಾಗ ಚಿಕ್ಕಮ್ಮನ ಮುಖ ಕಣ್ಣಮುಂದೆ ಬರಲೇ ಇಲ್ಲ. ಬಂದದ್ದು ಖಾಲಿ ಖಾನೆ ತುಂಬಿದ ನೆಮ್ಮದಿ ಮಾತ್ರ.

ಮೇಷ್ಟ್ರಿಗೆ ಹೆಮ್ಮೆ ತಡೆಯಲಾಗಲಿಲ್ಲ. ವರದಿಯನ್ನು ತಾವೇ ವಾರ್ಡನ್ ಕೋಣೆಗೆ ಒಯ್ದು ತೋರಿಸಿದರು. ಆ ವಾರವೇ ಡ್ರಮ್ಮು ಬಂತು.

"ಅಲ್ಲ ಕಣೇ," ಎಂದಳು ರೂಮಿನವಳು. ಇತಿಹಾಸ ಓದುವವಳು, ಹಗಲೆಲ್ಲ ಮಲಗಿಯೇ ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ನಿದ್ದೆಬುರುಕಿ. "ನಮ್ಮ ಊಟದ ಮನೆಯಿಂದ ಹಂದಿ ಬಾಯಿವರೆಗೂ ನೇರ ರಸ್ತೆ ಹಾಕ್ಬಿಟ್ಟೆ. ಆ ರಸ್ತೆಗೆ ನಿನ್ನ ಹೆಸರೇ ಇಡ್ಬೇಕು."

"ನಾನು ಕೊಡಬೇಡಿ ಅಂತ ಬರೆದಿಲ್ಲ. ಲೆಕ್ಕಕ್ಕಿಲ್ಲ ಅಂತ ಬರೆದೆ."

"ಅಷ್ಟು ಸಾಕಲ್ಲ ಅವರಿಗೆ." ನಿದ್ದೆಬುರುಕಿ ಮಗ್ಗುಲು ಬದಲಿಸಿದಳು. "ಚಿಕ್ಕಮ್ಮನ ಬಕೆಟ್ಟು ಅವರ ಬೀದೀಲಿ ಎಷ್ಟು ಮನೆಗೆ ಹೋಗ್ತಿತ್ತು ಗೊತ್ತಾ? ಅವರತ್ತೆ ಹಲ್ಲಿಲ್ಲದವರು. ನಮ್ಮ ಹಾಸ್ಟೆಲಿನ ಅನ್ನ ಬಿಟ್ಟು ಬೇರೇನೂ ಅಗಿಯೋಕಾಗಲ್ಲವಂತೆ. ನಾವು ಬೆಂದು ಕರಗಿದೆ ಅಂತ ಬೈತೀವಲ್ಲ, ಅದೇ ಅನ್ನ."

ಅಮ್ಮನಿಗೆ ಫೋನು ಮಾಡಿದಾಗ ಅವಳಿಗೆ ಬೇಕಾದದ್ದು ಸಮಾಧಾನ. ಅಮ್ಮ ಎಲ್ಲ ಕೇಳಿಸಿಕೊಂಡಳು. ಹಿಂದೆ ಹೊಲಿಗೆ ಯಂತ್ರಗಳ ಸದ್ದು ಕೇಳುತ್ತಿತ್ತು.

"ಅಂದ್ರೆ ನಮ್ಮ ಮಾಲೀಕನ ಕಣ್ಣಿಗೆ ಬೀಳದೇ ಇರೋದನ್ನ ನಿನ್ನ ಕಾಲೇಜಲ್ಲಿ ಕಣ್ಣಿಗೆ ಬೀಳೋ ಹಾಗೆ ಮಾಡೋಕೆ ಹೇಳಿಕೊಡ್ತಾರೆ ಅನ್ನು."

"ಹಾಗಲ್ಲಮ್ಮ..."

"ಹೇಗೆ ಮತ್ತೆ? ನೀನು ಹಾಕ್ಕೊಂಡಿರೋ ಲಂಗ ಬಿಚ್ಚಿ ತೂಗೋಕೆ ಕೊಡು. ದಿಂಬೂ ಕಳಿಸ್ತೀನಿ, ಅದನ್ನೂ ಬರ್ಕೋ." ಅಮ್ಮ ನಗುತ್ತಿದ್ದಾಳೆಂದು ಹುಡುಗಿ ಅಂದುಕೊಂಡಳು. ನಗುತ್ತಿರಲಿಲ್ಲ. "ಸರಿ ಮಾಡು ಅದನ್ನ. ಹೇಗೆ ಅಂತ ನನ್ನ ಕೇಳ್ಬೇಡ. ಓದ್ತಿರೋಳು ನೀನು."

ಓದಿನಿಂದಲೇ ಸರಿ ಮಾಡಬಹುದೆಂದು ಅವಳಿಗೆ ನಿಜಕ್ಕೂ ನಂಬಿಕೆಯಿತ್ತು. ಕೂತು ಪುಸ್ತಕ ತಿರುವಿಹಾಕಿದಳು. ಕೂಲಿಯ ಅಧ್ಯಾಯದಲ್ಲಿ ಸಿಕ್ಕಿತು: ಕೆಲಸಗಾರರಿಗೆ ಹಣದ ಬದಲು ವಸ್ತುವಿನಲ್ಲಿ ಕೊಡುವುದೂ ಸಂಬಳವೇ. ಮಾರನೆಯ ದಿನ ಮೇಷ್ಟ್ರ ಮುಂದೆ ಪುಸ್ತಕ ಬಿಡಿಸಿಟ್ಟಳು.

"ಸರ್, ನಾನು ತಪ್ಪು ಖಾನೆಗೆ ಹಾಕಿದ್ದೆ. ಇದು ಉಪ ಉತ್ಪನ್ನ ಅಲ್ಲ. ಇದು ಅವರ ಸಂಬಳದ ಭಾಗ. ಅವರು ಕೆಲಸಕ್ಕೆ ಸೇರಿದಾಗಿಂದ ಒಯ್ತಿದಾರೆ. ಅದನ್ನ ನಿಲ್ಲಿಸಿದ್ರೆ ಸಂಬಳ ಕಡಿಮೆ ಮಾಡಿದ ಹಾಗೆ."

ಮೇಷ್ಟ್ರ ಕಣ್ಣು ಅರಳಿತು. "ಎಂಥ ಒಳ್ಳೆ ಪಾಯಿಂಟು! ಬಾ, ಈಗಲೇ ಮೇಡಮ್ಮಿಗೆ ಹೇಳೋಣ."

ವಾರ್ಡನ್ ಮೇಡಂ ಯಾವತ್ತೂ ದನಿ ಏರಿಸಿದವರಲ್ಲ. ಮೇಷ್ಟ್ರ ಮಾತನ್ನು ತಲೆದೂಗುತ್ತಾ ಕೇಳಿದರು, ಪೆನ್ನಿನ ಕ್ಯಾಪು ತೆಗೆದರು.

"ಒಪ್ಪಿದೆ. ಸಂಬಳ ಅಂತಲೇ ಬರೆಯೋಣ. ಅಂದ್ರೆ ಇಷ್ಟು ವರ್ಷ ಅವರಿಗೆ ಹೇಳಿದ್ದಕ್ಕಿಂತ ಹೆಚ್ಚಿಗೆ ಸಂಬಳ ಕೊಟ್ಟ ಹಾಗಾಯ್ತು, ಅಲ್ವಾ? ಈ ವರ್ಷ ಸಂಬಳ ಏರಿಸಿ ಅಂತ ಅರ್ಜಿ ಬೇರೆ ಕೊಟ್ಟಿದಾರೆ. ಇನ್ನು ಏರಿಸೋ ಅಗತ್ಯ ಇಲ್ಲ. ಒಳ್ಳೇದೇ ಆಯ್ತು ನೀನು ಹೇಳಿದ್ದು."

"ಹಾಗಾದ್ರೆ ಬಕೆಟ್ಟು ಒಯ್ಯಬಹುದಾ ಮೇಡಂ?"

"ಬಕೆಟ್ಟು ಹೇಗೆ? ಹಂದಿಯವನ ಜೊತೆ ಮಾತಾಗಿದೆ."

"ಮತ್ತೆ ಸಂಬಳ ಅಂದ್ರಲ್ಲ. ಈಗ ಕೊಡ್ತಾನೇ ಇಲ್ವಲ್ಲ!"

"ಈಗ ಕೊಡ್ತಿಲ್ಲ ಅನ್ನೋದು ಮುಂದಿನ ವರ್ಷದ ಲೆಕ್ಕ ಕಣಮ್ಮ. ಮುಂದಿನ ವರ್ಷ ನೋಡೋಣ." ಮೇಡಂ ಮುಗುಳ್ನಕ್ಕರು. "ಹಾಸ್ಟೆಲ್ ಸೀಟು ಈ ಸಲ ಬಹಳ ಜನ ಕೇಳ್ತಿದಾರೆ. ನಿನ್ನಂಥ ಹುಡುಗೀರು ಇರಬೇಕು ಅಂತ ನಾನೇ ಹೇಳ್ತಿರ್ತೀನಿ. ಓದ್ಕೋ ಹೋಗು."

ಹುಡುಗಿ ಮೇಷ್ಟ್ರ ಕಡೆ ನೋಡಿದಳು. ಅವರು ಏನಾದರೂ ಹೇಳುತ್ತಾರೆಂದು ಕಾದಳು. ಮೇಷ್ಟ್ರು ವರದಿಯಲ್ಲಿ ಉಪ ಉತ್ಪನ್ನದ ಸಾಲನ್ನು ಹೊಡೆದು, ಸಂಬಳದ ಸಾಲಿಗೆ ಬಾಣದ ಗುರುತು ಹಾಕುತ್ತಿದ್ದರು. ಅವರ ಮಟ್ಟಿಗೆ ಎಲ್ಲ ಸರಿಯಾಗಿತ್ತು. ವಸ್ತು ತನ್ನ ಖಾನೆಗೆ ಬಂದು ಸೇರಿತ್ತು.

ಅವಳು ಹೊರಬಂದು ನೇರ ಅಡುಗೆಮನೆಯ ಹಿಂದಕ್ಕೆ ಹೋಗಿ ನೀಲಿ ಡ್ರಮ್ಮಿಗೆ ಒದ್ದಳು. ಡ್ರಮ್ಮು ಅಲುಗಲಿಲ್ಲ. ಕಾಲಿಗೇ ಪೆಟ್ಟಾಯಿತು. ಎಂಥ ಶಾಸ್ತ್ರವಿದು! ಈ ಖಾನೆಗೆ ಹಾಕಿದರೆ ಅನ್ನ ಹಂದಿಗೆ, ಆ ಖಾನೆಗೆ ಹಾಕಿದರೆ ಸಂಬಳದ ಏರಿಕೆಗೂ ಕತ್ತರಿ. ಎಡಗಡೆ ಬರೆದರೂ ಬಲಗಡೆ ಬರೆದರೂ ಕೊನೆಯ ಸಾಲಿನಲ್ಲಿ ಚಿಕ್ಕಮ್ಮನೇ ಕಳೆದುಹೋಗುತ್ತಾಳೆ. ಮೇಜಿನ ಆ ಕಡೆ ಕೂತವರು ಮುಗುಳ್ನಗುತ್ತಾರೆ. ಮೇಷ್ಟ್ರು ಎರಡು ವರ್ಷ ಕಲಿಸಿದ ಖಾನೆಗಳಲ್ಲಿ ಪೆನ್ನು ಯಾರ ಕೈಯಲ್ಲಿರುತ್ತದೆ ಎಂಬುದಕ್ಕೆ ಖಾನೆಯೇ ಇರಲಿಲ್ಲ.

"ಏನು, ಡ್ರಮ್ಮಿನ ಮೇಲೆ ಸಿಟ್ಟಾ?" ಬೂದಿ ಮೆತ್ತಿದ ಕೈಯಲ್ಲಿ ಬಾಣಲೆ ತಿಕ್ಕುತ್ತಿದ್ದ ಚಿಕ್ಕಮ್ಮ ಕೇಳಿದಳು. ಸಂಬಳದ ಸುದ್ದಿ ಆಗಲೇ ಅವಳಿಗೆ ಮುಟ್ಟಿತ್ತು; ಹಾಸ್ಟೆಲಿನಲ್ಲಿ ಮಾತು ನಡೆಯುವುದಿಲ್ಲ, ಹಾರುತ್ತದೆ. "ಅದೇನು ಮಾಡಿತ್ತಮ್ಮ ಪಾಪ. ನೀನು ನಮಗೆ ಸಹಾಯ ಮಾಡೋಕೆ ಹೋದೆಯಂತೆ?"

"ಹೌದು ಚಿಕ್ಕಮ್ಮ. ಆದ್ರೆ..."

"ಇನ್ನೊಂದು ಸಲ ಮಾಡ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ. ಮೊದಲನೇ ಸಲ ಅನ್ನ ಹೋಯ್ತು, ಎರಡನೇ ಸಲ ಸಂಬಳ ಏರೋದೂ ಹೋಯ್ತು. ಮೂರನೇ ಸಲ ಈ ಬಾಣಲೆ ತಿಕ್ಕೋ ಕೆಲಸಾನೂ ಉಳಿಯಲ್ಲ."

ಸಣ್ಣಕ್ಕ ಈ ಸಲ ನಗಲಿಲ್ಲ. ಹುಡುಗಿಗೆ ಬೈಸಿಕೊಂಡದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಆಮೇಲೆ ಕೆಲವು ದಿನ ಅವಳು ಸಂಜೆ ಇಳಿದು ಬಂದು, ಡ್ರಮ್ಮು ತೂಗಿ, ಬರೆದು, ಯಾರ ಮುಖವನ್ನೂ ನೋಡದೆ ಮಹಡಿ ಹತ್ತುತ್ತಿದ್ದಳು. ತೂಕ ಹೆಚ್ಚು ಕಡಿಮೆ ಒಂದೇ ಇರುತ್ತಿತ್ತು. ವರದಿಯ ಅಂಕಿಗೆ ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ ಮೇಷ್ಟ್ರು ಅದನ್ನು ಕ್ಲಾಸಿನಲ್ಲಿ ಓದಿ ಹೇಳಿದರು.

ಅನುಮಾನ ಬಂದದ್ದು ಕಿವಿಗೆ. ಒಂದು ಸಂಜೆ ಕಿಟಕಿಯ ಬಳಿ ಕೂತಿದ್ದಾಗ ಬಕೆಟ್ಟಿನ ಮುಚ್ಚಳ ಗೇಟಿನ ಕಡೆ ಹೋಗುವುದು ಕೇಳಿಸಿತು. ಅದು ಖಾಲಿ ಬಕೆಟ್ಟಿನ ಸದ್ದಲ್ಲ. ಮುಚ್ಚಳ ಬಡಿಯುತ್ತಿತ್ತು, ಆದರೆ ಮೆತ್ತಗೆ, ತುಂಬಿದ ಪಾತ್ರೆಯ ಬಾಯಿಗೆ ಬಡಿದ ಹಾಗೆ. ಗೇಟಿನವನು ಮುಚ್ಚಳ ತೆಗಿ ಎನ್ನಲಿಲ್ಲ. ಅವನ ಊಟದ ಡಬ್ಬಿಯೂ ಈಚೆಗೆ ಭಾರವಾಗಿಯೇ ಮನೆಗೆ ಹೋಗುತ್ತಿತ್ತೆಂದು ಅವಳಿಗೆ ಆಮೇಲೆ ತಿಳಿಯಿತು.

ಮರುದಿನ ಅವಳು ತೂಗುವ ಮೊದಲು ಡ್ರಮ್ಮಿನ ಮುಚ್ಚಳ ಎತ್ತಿದಳು. ಒಳಗೆ ಬಿಳಿ ನೀರು, ಮೇಲೆ ಸಾಬೂನಿನ ನೊರೆ. ನೊರೆಯ ಮೇಲೆ ಒಂದಷ್ಟು ಅಗುಳು, ಎರಡು ಬ್ರೆಡ್ಡಿನ ಅಂಚು. ತಟ್ಟೆ ತೊಳೆದ ನೀರನ್ನೆಲ್ಲ ಅವರು ಚರಂಡಿಗೆ ಬಿಡದೆ ಡ್ರಮ್ಮಿಗೆ ಸುರಿದಿದ್ದರು, ಸರಿಯಾಗಿ ಅನ್ನ ಇರಬೇಕಾದಷ್ಟು ಎತ್ತರಕ್ಕೆ.

ತಲೆಯೆತ್ತಿದರೆ ತೊಳೆಯುವ ಕಟ್ಟೆಯ ಮೇಲಿಂದ ಚಿಕ್ಕಮ್ಮ ನೋಡುತ್ತಿದ್ದಳು. ನಲ್ಲಿ ಸುರಿಯುತ್ತಲೇ ಇತ್ತು. ಸಣ್ಣಕ್ಕನ ಕೈಯಲ್ಲಿ ತಟ್ಟೆ ಹಾಗೇ ನಿಂತಿತ್ತು.

ಹುಡುಗಿ ಮುಚ್ಚಳ ಮುಚ್ಚಿದಳು. ಡ್ರಮ್ಮನ್ನು ಯಂತ್ರದ ಮೇಲೆ ಹೊರಳಿಸಿ ನಿಲ್ಲಿಸಿದಳು. ಮುಳ್ಳು ನೋಡಿದಳು.

"ತೂಕ ಸರಿಯಾಗಿದೆ ಚಿಕ್ಕಮ್ಮ."

"ಇರಲೇಬೇಕಲ್ಲ," ಎಂದಳು ಚಿಕ್ಕಮ್ಮ. "ತಕ್ಕಡಿ ಮುಂದೆ ತಪ್ಪು ನಡಿಯುತ್ತಾ?" ಮತ್ತೆ ಬಾಣಲೆಗೆ ಬಗ್ಗಿದಳು.

ಅದು ಬಹಳ ದಿನ ನಡೆಯುವ ಆಟವಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹಂದಿ ಸಾಕುವವನು ಒಂದು ಬೆಳಿಗ್ಗೆ ಗಾಡಿಯನ್ನು ನೇರ ಕಚೇರಿಯ ಕಿಟಕಿಯ ಕೆಳಗೇ ನಿಲ್ಲಿಸಿ ಕೂಗಾಡಿದ. ಮಹಡಿಯ ಹುಡುಗಿಯರೆಲ್ಲ ಹಲ್ಲುಜ್ಜುತ್ತಾ ಕಂಬಿಗೆ ಬಂದು ನಿಂತರು.

"ನೀರಿಗೆ ಯಾರಾದ್ರೂ ದುಡ್ಡು ಕೊಡ್ತಾರಾ ಮೇಡಂ? ಅದೂ ಸಾಬೂನು ನೀರಿಗೆ! ನನ್ನ ಹಂದಿಗಳ ಬಾಯಲ್ಲಿ ನೊರೆ. ಹುಚ್ಚು ಹಿಡಿದಿದೆ ಅಂತ ಪಕ್ಕದವರು ಬಡಿಗೆ ತಗೊಂಡು ಬಂದಿದ್ರು! ಬೇಡ ನಿಮ್ಮ ಸಹವಾಸ!"

ಕಂಬಿಯ ಮೇಲೆ ನಗೆ ಹಾರಿತು. ನಿದ್ದೆಬುರುಕಿ ನಗುತ್ತಾ ಪೇಸ್ಟು ನುಂಗಿಬಿಟ್ಟಳು. ಹುಡುಗಿ ಮಾತ್ರ ನಗಲಿಲ್ಲ. ಕಿಟಕಿಯಲ್ಲಿ ವಾರ್ಡನ್ ಮೇಡಮ್ಮಿನ ಮುಖ ಅವಳಿಗೆ ಕಾಣುತ್ತಿತ್ತು. ಅದರಲ್ಲಿ ಮುಗುಳ್ನಗೆ ಹಾಗೇ ಇತ್ತು.

ಪ್ರಾಜೆಕ್ಟನ್ನು ಒಪ್ಪಿಸುವ ದಿನವೂ ಅದೇ ವಾರ ಬಂತು. ಪ್ರಿನ್ಸಿಪಾಲರ ಕೋಣೆಯಲ್ಲಿ ಉದ್ದ ಮೇಜು. ಒಂದು ಕಡೆ ಪ್ರಿನ್ಸಿಪಾಲರು, ವಾರ್ಡನ್ ಮೇಡಂ, ಮೇಷ್ಟ್ರು. ಈ ಕಡೆ ಅವಳು, ತನ್ನ ವರದಿಯ ಮುಂದೆ. ಆ ವರ್ಷದ ಒಳ್ಳೆಯ ಪ್ರಾಜೆಕ್ಟು ಇದೇ ಎಂದು ಮೇಷ್ಟ್ರು ಆಗಲೇ ಎಲ್ಲರಿಗೂ ಹೇಳಿಯಾಗಿತ್ತು. ಹೊರಗೆ ವರಾಂಡದ ಗೋಡೆಗೆ ಒರಗಿ ಚಿಕ್ಕಮ್ಮ, ಸಣ್ಣಕ್ಕ ನಿಂತಿದ್ದರು. ವಾರ್ಡನ್ ಕರೆಸಿದ್ದರು. ಯಾಕೆಂದು ಹೇಳಿರಲಿಲ್ಲ.

ಪ್ರಿನ್ಸಿಪಾಲರಿಗೆ ಇದೆಲ್ಲ ಬೇಗ ಮುಗಿದರೆ ಸಾಕಿತ್ತು. "ಡ್ರಮ್ಮಿನಲ್ಲಿ ನೀರು ಬಂದದ್ದು ಹೇಗೆ?" ಎಂದರು.

"ಸರ್, ಪುಸ್ತಕದ ಪ್ರಕಾರ ಇದು ಸುಲಭ," ಎಂದು ಮೇಷ್ಟ್ರು ಉತ್ಸಾಹದಿಂದ ಮುಂದೆ ಬಾಗಿದರು. "ಮೊದಲು ಹೇಳಿದಷ್ಟು ಸರಕು ಸಿಗಲಿಲ್ಲ ಅಂದ್ರೆ ನಷ್ಟ. ನಷ್ಟದಲ್ಲಿ ಎರಡು ಬಗೆ. ಕೆಲಸದ ಸ್ವಭಾವದಿಂದಲೇ ಆಗೋದು ಸಾಮಾನ್ಯ ನಷ್ಟ. ಅದಕ್ಕೆ ಯಾರೂ ಹೊಣೆ ಅಲ್ಲ. ಯಾರೋ ಮಾಡಿದ್ದರಿಂದ ಆಗೋದು ಅಸಾಮಾನ್ಯ ನಷ್ಟ. ಅದಕ್ಕೆ ಯಾರು ಅಂತ ಹುಡುಕಬೇಕು."

"ಹುಡುಕೋದೇನಿದೆ," ಎಂದರು ವಾರ್ಡನ್ ತಣ್ಣಗೆ. "ಹೊರಗಡೆ ನಿಂತಿದಾರೆ. ಈ ಹುಡುಗಿ ಒಂದು ಮಾತು ಹೇಳಿದ್ರೆ ಇವತ್ತೇ ಲೆಕ್ಕ ಮುಗಿಸಿ ಕಳಿಸಬಹುದು. ದಿನಾ ತೂಗಿದವಳು ಅವಳೇ."

ಮೂವರೂ ಅವಳ ಕಡೆ ನೋಡಿದರು.

ಅವಳಿಗೆ ಸಿಟ್ಟು ಎಷ್ಟಿತ್ತೆಂದರೆ ಅಳು ಬರುತ್ತದೇನೋ ಎಂದು ಭಯವಾಯಿತು. ಬರಲಿಲ್ಲ. ಈ ಖಾನೆಯಲ್ಲಿ ಸಾಮಾನ್ಯ ನಷ್ಟ, ಆ ಖಾನೆಯಲ್ಲಿ ಅಸಾಮಾನ್ಯ ನಷ್ಟ, ನಡುವೆ ಚಿಕ್ಕಮ್ಮ. ತನಗೆ ಕಲಿಸಿದ್ದನ್ನು ತಾನು ಕಲಿತಿದ್ದೇನೆಂದು ತೋರಿಸುವ ಸಮಯ ಇದೇ ಎಂದುಕೊಂಡಳು.

"ಸಾಮಾನ್ಯ ನಷ್ಟ ಸರ್."

"ಏನು?"

"ತಟ್ಟೆ ತೊಳೆಯೋ ಜಾಗದಲ್ಲಿ ಡ್ರಮ್ಮಿಟ್ಟಿದೀವಿ. ನೀರು ಬೀಳೋದು ಅಲ್ಲಿನ ಕೆಲಸದ ಸ್ವಭಾವ. ಯಾರೂ ಬೇಕು ಅಂತ ಹಾಕಬೇಕಾಗಿಲ್ಲ."

ಮೇಷ್ಟ್ರು ಹುಬ್ಬು ಗಂಟಿಕ್ಕಿ ವರದಿಯ ಹಾಳೆ ತಿರುವಿದರು. "ಇರಮ್ಮ. ಡ್ರಮ್ಮು ಬರೋಕೆ ಮುಂಚೆ ನೀನೇ ತೂಗಿದ ಅಂಕಿ ಇಲ್ಲಿದೆ. ಇದರಲ್ಲಿ ನೀರಿಲ್ಲ. ಎಲ್ಲ ಅನ್ನ. ನಾನೇ ಕೂಡಿ ನೋಡಿದೀನಿ."

"ಅದರಲ್ಲೂ ನೀರಿತ್ತು ಸರ್. ಪಾತ್ರೆಗೆ ನೀರು ಹಾಕಿ ನೆನೆಸಿಟ್ಟ ಮೇಲೆ ತೂಗಿದೆ. ಕಳೆಯೋಕೆ ಮರೆತೆ."

"ಮರೆತೆಯಾ?"

"ಮರೆತೆ."

"ನೀನು?" ಮೇಷ್ಟ್ರ ದನಿ ಒಡೆಯಿತು. ಯಂತ್ರದ ತಟ್ಟೆಯನ್ನು ಬಟ್ಟೆಯಿಂದ ಒರೆಸಿ ಒರೆಸಿ ತೂಗುತ್ತೇನೆಂದು ಅವರಿಗೇ ಹೇಳಿದ್ದವಳು ಅವಳು. "ಅಂದ್ರೆ ಈ ಅಂಕಿ..."

"ತಪ್ಪು ಸರ್. ಪೂರ್ತಿ ತಪ್ಪು. ಮಾರೋ ಅಷ್ಟು ಯಾವತ್ತೂ ಉಳಿದಿರಲಿಲ್ಲ."

ಬಾಯಿಂದ ಹೊರಟ ಮೇಲೆ ಆ ಮಾತು ಎಷ್ಟು ಕಹಿ ಎಂದು ಗೊತ್ತಾಯಿತು. ಅವಳ ಹತ್ತಿರ ಇದ್ದದ್ದು ಅದೊಂದೇ: ಅವಳ ಅಂಕಿಯಲ್ಲಿ ತಪ್ಪು ಹುಡುಕಲಾಗದು ಎಂಬುದು. ಅದನ್ನು ಅವಳೇ ಮೇಜಿನ ಮೇಲೆ ಸುರಿದಿದ್ದಳು.

ವಾರ್ಡನ್ ಮೇಡಂ ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು. "ಅನ್ನ ಉಳೀತಾ ಇರಲೇ ಇಲ್ಲ ಅಂದ್ರೆ, ಬಕೆಟ್ಟಲ್ಲಿ ಏನು ಹೋಗ್ತಿತ್ತು?"

"ಗೊತ್ತಿಲ್ಲ ಮೇಡಂ. ಲೆಕ್ಕಕ್ಕೆ ಬರೋವಂಥದ್ದಲ್ಲ. ಹಾಗಾಗಿ ಸಂಬಳದ ಸಾಲಿಗೆ ಹಾಕಿದ್ದೂ ತಪ್ಪು. ಇಲ್ಲದ್ದನ್ನ ಕೊಟ್ಟಿದೀವಿ ಅಂತ ಹೇಗೆ ಬರೆಯೋದು? ಆ ಸಾಲು ಹೊಡೀಬೇಕು."

"ಹೊಡೀರಿ, ಹೊಡೀರಿ," ಎಂದರು ಪ್ರಿನ್ಸಿಪಾಲರು ಗಡಿಯಾರ ನೋಡುತ್ತಾ. "ಮೇಡಂ, ಆ ಡ್ರಮ್ಮು ತೆಗೆಸಿಬಿಡಿ. ಹಂದಿಯವನ ರಗಳೆ ನನಗೆ ಬೇಡ. ಮುಂದಿನವರು ಯಾರು?"

ಮೇಷ್ಟ್ರು ಕೆಂಪು ಪೆನ್ನಿನಿಂದ ಆ ಸಾಲು ಹೊಡೆದರು. ಮೊದಲ ಪುಟಕ್ಕೆ ಬಂದು, ಆಗಲೇ ಹಾಕಿದ್ದ ಅಂಕವನ್ನು ತಿದ್ದಿದರು.

"ನಿನ್ನ ಅಂಕಿ ನಂಬಿ ನಾನು ಎಲ್ಲರ ಹತ್ರ ಹೇಳ್ಕೊಂಡು ಬಂದೆ," ಎಂದರು, ಅವಳಿಗಷ್ಟೇ ಕೇಳುವ ಹಾಗೆ.

ಅವಳು ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. "ಅಂಕಿ ನಂಬಿದ್ರಿ ಸರ್. ಹಿಂಬಾಗಿಲಿಗೆ ಒಂದಿನಾನೂ ಬರಲಿಲ್ಲ."

ಮೇಷ್ಟ್ರು ತಲೆಯೆತ್ತಿ ಅವಳನ್ನು ನೋಡಿದರು. ಅವರಿಗೆ ಅರ್ಥವಾಯಿತೋ ಬರೀ ನೋವಾಯಿತೋ ಅವಳಿಗೆ ತಿಳಿಯಲಿಲ್ಲ. ವರದಿಯನ್ನು ಮಡಚಿ ಪಕ್ಕಕ್ಕಿಟ್ಟರು.

ವರಾಂಡದಲ್ಲಿ ಸಣ್ಣಕ್ಕನ ಕಣ್ಣು ಕೆಂಪಾಗಿತ್ತು. ಚಿಕ್ಕಮ್ಮ ಗೋಡೆ ಬಿಟ್ಟು ನೆಟ್ಟಗಾದಳು. "ನಮ್ಮನ್ನ ಯಾವಾಗ ಕರೀತಾರೆ?"

"ಕರೆಯಲ್ಲ. ಹೋಗಿ ಚಿಕ್ಕಮ್ಮ, ಕೆಲಸ ನೋಡ್ಕೊಳ್ಳಿ. ಡ್ರಮ್ಮು ತೆಗೀತಾರಂತೆ."

"ಸಂಬಳ?"

"ಏರಿಸದೇ ಇರೋಕೆ ಹೇಳಿದ್ದ ಕಾರಣ ಈಗಿಲ್ಲ. ಇನ್ನೊಂದು ಹುಡುಕಬಹುದು."

"ಹುಡುಕ್ತಾರೆ, ಹುಡುಕ್ತಾರೆ. ಓದಿದವರಲ್ವಾ." ಚಿಕ್ಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಪಾಸಾ?"

"ಪಾಸು. ಬರೀ ಪಾಸು."

"ಪಾಸಾದ್ರೆ ಆಯ್ತಲ್ಲ, ಇನ್ನೇನು ಅದನ್ನ ತಲೆ ಮೇಲೆ ಹೊತ್ಕೊಂಡು ಮೆರವಣಿಗೆ ಹೋಗ್ಬೇಕಾ?" ಎಂದು ಸಣ್ಣಕ್ಕನನ್ನು ಎಳೆದುಕೊಂಡು ಹೊರಟುಹೋದಳು.

ಸಂಜೆ ಅವಳು ಹಿಂಬಾಗಿಲಿಗೆ ಬಂದದ್ದು ತೂಕದ ಯಂತ್ರವನ್ನು ಕಾಲೇಜಿಗೆ ವಾಪಸು ಒಯ್ಯಲು. ಡ್ರಮ್ಮು ಹೋಗಿತ್ತು. ಅದು ನಿಂತಿದ್ದ ಕಡೆ ಚಪ್ಪಡಿಯ ಮೇಲೆ ಒಂದು ಒದ್ದೆ ವೃತ್ತವಿತ್ತು. ಬಕೆಟ್ಟಿನ ವಿಷಯ ಯಾರೂ ಏನೂ ಹೇಳಿರಲಿಲ್ಲ. ಒಯ್ಯಿರಿ ಎಂದೂ ಇಲ್ಲ, ಒಯ್ಯಬೇಡಿ ಎಂದೂ ಇಲ್ಲ. ಚಿಕ್ಕಮ್ಮ ಅದನ್ನು ತುಂಬಿ ಹೊಸ್ತಿಲ ಮೇಲಿಟ್ಟು ಕೈ ತೊಳೆಯುತ್ತಿದ್ದಳು. ಕಚೇರಿಯಲ್ಲಿ ದೀಪ ಹತ್ತಿತ್ತು. ಕಿಟಕಿ ತೆರೆದಿತ್ತು.

ಚಿಕ್ಕಮ್ಮ ಬಕೆಟ್ಟು ಎತ್ತಿದಳು. ಮುಚ್ಚಳ ಟಣಕ್ ಎಂದಿತು. ಇಬ್ಬರೂ ಕಿಟಕಿಯ ಕಡೆ ನೋಡಿದರು.

"ಒಂದು ನಿಮಿಷ," ಎಂದು ಹುಡುಗಿ ಯಂತ್ರದ ಹಿಡಿಗೆ ಕಟ್ಟಿದ್ದ ಪಟ್ಟೆಬಟ್ಟೆಯ ಗಂಟು ಬಿಚ್ಚಿದಳು. ಮುಚ್ಚಳ ಎತ್ತಿ, ಬಕೆಟ್ಟಿನ ಬಾಯಿಯ ಸುತ್ತ ಬಟ್ಟೆಯನ್ನು ಹಾಸಿ, ಮೇಲೆ ಮುಚ್ಚಳ ಒತ್ತಿದಳು. ಅಲುಗಾಡಿಸಿ ನೋಡಿದಳು. ಗಟ್ಟಿಯಾಗಿ ಕೂತಿತ್ತು.

"ಇದೆಲ್ಲಿಯ ಬಟ್ಟೆ? ಹೊಸದರ ಹಾಗಿದೆ."

"ನಮ್ಮಮ್ಮ ಕೆಲಸ ಮಾಡೋ ಕಡೆಯದು. ಕತ್ತರಿಸಿ ಉಳಿದದ್ದು."

ಚಿಕ್ಕಮ್ಮ ಬಟ್ಟೆಯ ಅಂಚನ್ನು ಬೆರಳಲ್ಲಿ ಸವರಿದಳು. ಬಕೆಟ್ಟನ್ನು ಸೊಂಟಕ್ಕೆ ಏರಿಸಿಕೊಂಡು ನಡೆದಳು. ಮೇಲೆ ಯಾವುದೋ ರೂಮಿನಿಂದ, ಚಿಕ್ಕಮ್ಮ ಇನ್ನೂ ಹೋಗಿಲ್ವೇನೇ, ಓದೋಕೆ ಕೂರೋ ಹೊತ್ತು ಆಗಿಲ್ವಾ ಎಂದು ನಿದ್ದೆಬುರುಕಿ ಯಾರನ್ನೋ ಕೇಳುತ್ತಿದ್ದಳು. ಬಕೆಟ್ಟು ಕಿಟಕಿಯ ಬೆಳಕಿನೊಳಗೆ ಬಂತು, ಬೆಳಕಿನಿಂದ ಹೊರಗೆ ಹೋಯಿತು. ಒಳಗೆ ವಾರ್ಡನ್ ತಲೆಯೆತ್ತಲಿಲ್ಲ. ಮುಚ್ಚಳದ ಅಂಚಿನಿಂದ ಹೊರಗೆ ಉಳಿದಿದ್ದ ಪಟ್ಟೆಬಟ್ಟೆಯ ತುದಿ ಗೇಟಿನವರೆಗೂ ಅಲ್ಲಾಡುತ್ತಾ ಹೋಯಿತು.